ಬಣ್ಣದ ಕನ್ಸೋಲ್ ಲಾಗ್ ಹಾಕಿದ ಮೇಲೆ ಲೈನ್ ನಂಬರ್ ತಪ್ಪು ಬರುತ್ತಿದ್ದರೆ

ಚಿಕ್ಕಮಗಳೂರಿನ ಒಂದು ಕಾಫಿ ತೋಟಕ್ಕೆ ಹಣ್ಣಿನ ತೂಕ ಬರೆದಿಡುವ ವೆಬ್ ಪುಟ ಮಾಡುತ್ತಿದ್ದೆ. ಲಾಗ್ (ಕೋಡ್ ಓಡುವಾಗ ಬ್ರೌಸರ್‌ನ ಕನ್ಸೋಲ್ ಎಂಬ ಕಿಟಕಿಯಲ್ಲಿ ಮೂಡುವ ಸಾಲು) ಬೇಗ ಕಣ್ಣಿಗೆ ಬೀಳಲಿ ಅಂತ ಬಣ್ಣ ಹಚ್ಚುವ ಪುಟ್ಟ ಫಂಕ್ಷನ್ ಅನ್ನು ಲಾಗರ್.ಜೆಎಸ್ ಫೈಲ್‌ನಲ್ಲಿ ಬರೆದೆ. ಅಲ್ಲಿಂದ ಕ್ರೋಮ್ ಕನ್ಸೋಲ್‌ನ ಬಲತುದಿಯಲ್ಲಿ ಪ್ರತಿ ಸಾಲಿಗೂ ಲಾಗರ್.ಜೆಎಸ್:14 ಅಂತಲೇ ಬರುತ್ತಿತ್ತು, ಅರೇಬಿಕಾ ತೂಕ ಯಾವ ಫೈಲ್‌ನಿಂದ ಬಂತು, ರೊಬಸ್ಟಾ ಯಾವುದರಿಂದ ಅಂತ ಗೊತ್ತೇ ಆಗುತ್ತಿರಲಿಲ್ಲ. ಆಬ್ಜೆಕ್ಟ್ ಬಿಚ್ಚಿ ನೋಡೋಣ ಅಂದರೆ ಬರೀ [ಆಬ್ಜೆಕ್ಟ್ ಆಬ್ಜೆಕ್ಟ್].

ಸೋರ್ಸ್ ಮ್ಯಾಪ್ (ಓಡುವ ಕೋಡನ್ನು ನಾವು ಬರೆದ ಮೂಲ ಸಾಲಿಗೆ ಹೊಂದಿಸುವ ಫೈಲ್) ಆನ್ ಮಾಡಿದೆ, ಕನ್ಸೋಲ್.ಲಾಗ್ ಬದಲು ಕನ್ಸೋಲ್.ಇನ್ಫೋ ಹಾಕಿದೆ, ಸುಮ್ನೆ ಟೈಮ್ ವೇಸ್ಟ್. ಲಾಗರ್ ಫೈಲನ್ನು ಕ್ರೋಮ್‌ನ ಇಗ್ನೋರ್ ಲಿಸ್ಟ್‌ಗೆ (ಲೆಕ್ಕಕ್ಕೆ ಹಿಡಿಯಬೇಡ ಅನ್ನುವ ಫೈಲ್‌ಗಳ ಪಟ್ಟಿ) ಸೇರಿಸಿದಾಗ ನನ್ನಲ್ಲಿ ಸರಿಹೋಯಿತು, ಹಾಸನದಲ್ಲಿರುವ ಜೊತೆಗಾರನ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಅದೇ ಕಥೆ. ಅದು ಬ್ರೌಸರ್ ಸೆಟ್ಟಿಂಗ್, ಕೋಡ್ ಜೊತೆ ಹೋಗಲ್ಲ ಅಲ್ವಾ.

ಕೊನೆಗೆ ಕೆಲಸ ಮಾಡಿದ್ದು ಬೈಂಡ್, ಅಂದರೆ ಲಾಗ್‌ಗೆ ಕೊಡುವ ಮೊದಲ ಮೌಲ್ಯಗಳನ್ನು ಮುಂಚೆಯೇ ಕಟ್ಟಿಡುವ ವಿಧಾನ. ನಮ್ಮ ಫಂಕ್ಷನ್ ಒಳಗಿಂದ ಲಾಗ್ ಕರೆದರೆ ಕನ್ಸೋಲ್ ಫಂಕ್ಷನ್ ಒಳಗಿನ ಆ ಸಾಲನ್ನೇ ತೋರಿಸುತ್ತದೆ; ಬೈಂಡ್ ಮಾಡಿದರೆ ನಡುವೆ ನಮ್ಮ ಫಂಕ್ಷನ್ ಇರುವುದಿಲ್ಲ. ಹಾಗಾಗಿ ಫಂಕ್ಷನ್ ತೆಗೆದು ಹೀಗೆ ಬರೆದೆ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ):

ಕಾನ್ಸ್ಟ್ ತೂಕಲಾಗ್ = ಕನ್ಸೋಲ್.ಲಾಗ್.ಬೈಂಡ್(ಕನ್ಸೋಲ್, '%ಸಿ ತೂಕ', 'ಕಲರ್: ಬ್ರೌನ್')

ಕ್ರಮ ಮುಖ್ಯ. ಮೊದಲು ಕನ್ಸೋಲ್, ಆಮೇಲೆ %ಸಿ (ಇಲ್ಲಿಂದ ಬಣ್ಣ ಶುರು ಅನ್ನುವ ಗುರುತು) ಇರುವ ಸ್ಟ್ರಿಂಗ್, ಆಮೇಲೆ ಬಣ್ಣ ಹೇಳುವ ಸಿಎಸ್‌ಎಸ್. ಬಳಸುವಾಗ ತೂಕಲಾಗ್(ಡೇಟಾ) ಅಂತ ಮಾತ್ರ. ಡೇಟಾವನ್ನು ಪ್ಲಸ್ ಹಾಕಿ ಸ್ಟ್ರಿಂಗ್‌ಗೆ ಅಂಟಿಸಬೇಡಿ, ಹಾಗೆ ಮಾಡಿದ್ದಕ್ಕೇ ಆಬ್ಜೆಕ್ಟ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಈಗ ಬಲತುದಿಯಲ್ಲಿ ಕರೆದ ಫೈಲಿನ ಹೆಸರು, ಅದರದೇ ಲೈನ್ ನಂಬರ್ ಬರುತ್ತಿದೆ.