ಮಾರುತಿ 800ಕ್ಕೆ ಮನೆಯಲ್ಲೇ ಮಾಡಿದ ಫಾಗ್ ಲೈಟ್ ಬ್ರಾಕೆಟ್ – ಮೂರನೇ ಸಲಕ್ಕೆ ನಿಂತಿತು

ಎರಡು ಮಳೆಗಾಲ ಕಳೆಯಿತು, ಫಾಗ್ ಲೈಟ್ ಹಿಡಿದಿಡುವ ಬ್ರಾಕೆಟ್ ಅಲ್ಲಾಡಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. "ಇದು ಮನೆಯಲ್ಲಿ ಆಗೋ ಕೆಲಸ ಅಲ್ಲ" ಅಂದಿದ್ದ ಗ್ಯಾರೇಜಿನವರೇ ಹೋದ ತಿಂಗಳು ಬಗ್ಗಿ ನೋಡಿ, ಸ್ಪ್ಯಾನರ್‌ನಿಂದ ಎರಡು ಸಲ ತಟ್ಟಿ, "ಗಟ್ಟಿ ಇದೆ" ಅಂದರು.

ಗಾಡಿ 2006ರದ್ದು. ನಾನು ಮೂಡಿಗೆರೆ ಕಡೆಯವನು, ತಿಂಗಳಿಗೆ ಮೂರ್ನಾಲ್ಕು ಸಲ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವುದಿದೆ. ಜುಲೈನಲ್ಲಿ ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಹೇಗಿರುತ್ತದೆ ಅಂತ ಓಡಾಡಿದವರಿಗೆ ಗೊತ್ತು. ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಬಂಪರಿನ ಕೆಳಗೆ ಹಳದಿ ಲೈಟ್ ಬೇಕೇ ಬೇಕು. ಈ ಕಾರು ತಯಾರಾಗುವುದು 2014ರಲ್ಲೇ ನಿಂತಿತು. ರೆಡಿಮೇಡ್ ಬ್ರಾಕೆಟ್ ಅಂತ ಸಿಗುವುದು ಎಲ್ಲ ಗಾಡಿಗೂ ಒಂದೇ ತರಹದ್ದು, ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಒಬ್ಬ ಫ್ಯಾಬ್ರಿಕೇಶನ್‌ನವರು ಜೋಡಿಗೆ 2500 ಕೇಳಿದರು. ಬಾವ ಮಾತ್ರ "ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ, ನಿಧಾನಕ್ಕೆ ಹೋದ್ರಾಯ್ತು" ಅಂತಲೇ ಇದ್ದರು.

ಮೊದಲನೆಯದು 25 ಎಂಎಂ ಅಗಲ, 3 ಎಂಎಂ ದಪ್ಪದ ಪಟ್ಟಿ. ಬಂಪರ್ ಬೋಲ್ಟಿಗೆ ಸಿಕ್ಕಿಸಿ ಮುಂದಕ್ಕೆ ಒಂದು ಗೇಣು ಬಿಟ್ಟೆ. ಮೂರು ಸಿಲಿಂಡರ್ ಇಂಜಿನ್ ಐಡ್ಲಿಂಗ್‌ನಲ್ಲಿ ಹೇಗೆ ನಡುಗುತ್ತದೆ ಗೊತ್ತಲ್ವಾ, ಗೋಡೆಯ ಮೇಲೆ ಬೆಳಕು ಕುಣಿಯುತ್ತಿತ್ತು. ಪಟ್ಟಿ ತೆಳು ಅಂತ 6 ಎಂಎಂಗೆ ಹೋದೆ. ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಎರಡು ತಿಂಗಳಿಗೆ ವೆಲ್ಡಿಂಗ್ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಬಂತು, ನಾನು ನೋಡಲಿಲ್ಲ. ಕೊಟ್ಟಿಗೆಹಾರದ ಹತ್ತಿರ ಒಂದು ಗುಂಡಿಗೆ ಬಿದ್ದಾಗ ಎಡಗಡೆ ಲೈಟು ಬ್ರಾಕೆಟ್ ಸಮೇತ ರಸ್ತೆಗೆ ಹೋಯಿತು. 900 ರೂಪಾಯಿ ಲೈಟು! ಆ ರಾತ್ರಿ ನಿದ್ದೆ ಬರಲಿಲ್ಲ.

ಮಧ್ಯೆ ಹಳೇ ಕಿಟಕಿಯ ಅಲ್ಯೂಮಿನಿಯಂ ಸೆಕ್ಷನ್‌ನಲ್ಲೂ ಒಂದು ಮಾಡಿದ್ದೆ, ಅದು ಲೆಕ್ಕಕ್ಕಿಲ್ಲ. ಹಗುರ, ನೋಡಲು ಚೆಂದ. ಮೂರು ವಾರಕ್ಕೆ ತೂತಿನ ಹತ್ತಿರವೇ ಸೀಳಿತು. ಗುಜರಿಯಲ್ಲಿ ಸಿಕ್ಕಿದ ಜಿಐ (ಸತು ಲೇಪದ ಕಬ್ಬಿಣದ) ತಗಡನ್ನು ಸತು ಉಜ್ಜಿ ತೆಗೆಯದೆ ವೆಲ್ಡ್ ಮಾಡಿ ರಾತ್ರಿಯಿಡೀ ಜ್ವರ, ಚಳಿ. ಆ ಹೊಗೆ ಕೆಟ್ಟದ್ದು, ದಯವಿಟ್ಟು ಯಾರೂ ಮಾಡಬೇಡಿ.

ದಪ್ಪ ಹೆಚ್ಚಿಸುತ್ತಾ ಹೋಗಿದ್ದೇ ತಪ್ಪು ಅಂತ ಹೊಳೆದದ್ದು ಅಡಿಕೆ ಶೀಟು ನೋಡಿದಾಗ. ತೆಳು ತಗಡು, ಆದರೂ ಅಂಚು ಮಡಚಿದ್ದಕ್ಕೆ ಬಗ್ಗುವುದಿಲ್ಲ. ಮೂರನೆಯದಕ್ಕೆ 2.5 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ತಗಡು ತಂದೆ. ಮೊದಲು ರಟ್ಟಿನಲ್ಲಿ ಮಾಡಿ ಗಾಡಿಗೆ ಹಿಡಿದು ನೋಡಿದೆ. ನಾಲ್ಕು ರಟ್ಟು ಹಾಳಾದವು, ಐದನೆಯದು ಕೂತಿತು. ಎರಡೂ ಅಂಚನ್ನು ಮುಕ್ಕಾಲು ಇಂಚು ಮಡಚಬೇಕು. ಮನೆಯಲ್ಲಿ ಬೆಂಡಿಂಗ್ ಮಷಿನ್ ಇಲ್ಲ, ಹಾಗಾಗಿ ಮಡಚುವ ಗೆರೆಯ ಮೇಲೆ ಕಟಿಂಗ್ ವೀಲ್‌ನಿಂದ ಅರ್ಧ ಆಳಕ್ಕೆ ಗೀರಿ, ವೈಸ್‌ನಲ್ಲಿ ಕಚ್ಚಿಸಿ ಬಗ್ಗಿಸಿ, ಆ ಗೀರಿನ ಉದ್ದಕ್ಕೂ ವೆಲ್ಡ್ ತುಂಬಿದೆ. ಒಂದೇ ಸಲ ಎಳೆದರೆ ತಗಡು ಸೊಟ್ಟ ಆಗುತ್ತದೆ, ಒಂದೊಂದು ಇಂಚು ಬಿಟ್ಟು ಬಿಟ್ಟು ಹಾಕಿ. ಒಳಮೂಲೆ ಎಲ್ಲಿ ಬಂದರೂ ಮೊದಲೇ 6 ಎಂಎಂ ತೂತು ಹಾಕಿ ಅಲ್ಲಿವರೆಗೆ ಮಾತ್ರ ಕತ್ತರಿಸಿದೆ. ಬಿರುಕು ಹುಟ್ಟುವುದೇ ಆ ಚೂಪು ಮೂಲೆಯಲ್ಲಿ. ಎರಡನೆಯ ಹಿಡಿತ ಬಂಪರಿಗಲ್ಲ, ಗಾಡಿಯ ಚೌಕಟ್ಟಿನ ಕೆಳಗಿನ ಮೆಂಬರ್‌ನಲ್ಲಿ ಮೊದಲೇ ಇದ್ದ ತೂತಿಗೆ. ಬಂಪರ್ ಬೋಲ್ಟ್, ಮೆಂಬರ್, ಲೈಟು ಮೂರೂ ಸೇರಿ ತ್ರಿಕೋನ ಆಯಿತು. ಇಂಜಿನ್ ಸ್ಟಾರ್ಟ್ ಮಾಡಿ ಗೋಡೆ ನೋಡಿದೆ. ಬೆಳಕು ಕದಲಲಿಲ್ಲ. ಹೆಂಡತಿಯನ್ನೂ ಮಗನನ್ನೂ ಕರೆದು ತೋರಿಸಿದೆ.

ಬೋಲ್ಟಿನ ಮಧ್ಯೆ ಒಂದು ರಬ್ಬರ್ ಇದೆ. ಅದು ಯಾವ ಗಾಡಿಯ ಯಾವ ಭಾಗದ್ದು ಅಂತ ಹೇಳುವುದಿಲ್ಲ, ಅದನ್ನು ಹುಡುಕಲು ನನಗೆ ಒಂದು ವರ್ಷ ಹಿಡಿದಿದೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರಿಸಿದ್ದು ಹೇಗೆ ಅನ್ನುವುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ತಗಡು ಗುಜರಿಯಲ್ಲಿ ಎರಡೂವರೆ ಕೆಜಿ, ಹತ್ತಿರಹತ್ತಿರ 180. ಕಟಿಂಗ್ ವೀಲ್ ಆರೇಳು, ವೆಲ್ಡಿಂಗ್ ರಾಡು, ಸಡಿಲಾಗದ ನೈಲಾಕ್ ನಟ್ಟು, ತುಕ್ಕು ತಡೆಯುವ ರೆಡ್ ಆಕ್ಸೈಡ್, ಕಪ್ಪು ಪೇಂಟು ಎಲ್ಲ ಸೇರಿ ಆರುನೂರರ ಒಳಗೆ. ಅದಕ್ಕೂ ಮೊದಲು ಹಾಳು ಮಾಡಿದ್ದು, ಆ ಲೈಟೂ ಸೇರಿ, ಸಾವಿರದ ಎಂಟುನೂರು ಆಗಿರಬೇಕು. ಒಟ್ಟು ಲೆಕ್ಕ ಹಾಕಿದರೆ ಫ್ಯಾಬ್ರಿಕೇಶನ್‌ನವರು ಕೇಳಿದಷ್ಟೇ ಆಯಿತು ಅಂತ ಬಾವ ಹೇಳುತ್ತಾರೆ. ಹೇಳಲಿ. ಕೆಲಸ ಈಗ ನನ್ನ ಕೈಯಲ್ಲಿದೆ.

ಮೊನ್ನೆ ಅದೇ ಬಾವ ತಮ್ಮ ಆಲ್ಟೋ ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಅದರ ಬಂಪರಿನ ಹಿಂದೆ ಜಾಗ ಇನ್ನೂ ಕಡಿಮೆ. ರಟ್ಟು ಎರಡನೆಯದು ನಡೆಯುತ್ತಿದೆ.