ಟಾರ್ ಸೋತರೂ ಲಾಗ್‌ನಲ್ಲಿ ಸೊನ್ನೆ: ಪೈಥಾನ್ 2ರಿಂದ 3ಕ್ಕೆ

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರ ಬ್ಯಾಕಪ್ ಸ್ಕ್ರಿಪ್ಟನ್ನು ಪೈಥಾನ್ 2.7ರಿಂದ 3ಕ್ಕೆ ತಂದ ಮೇಲೆ, ಟಾರ್ (ಫೈಲುಗಳನ್ನು ಒಂದೇ ಕಡತವಾಗಿ ಕಟ್ಟುವ ಕಮಾಂಡ್) ಕೈಕೊಟ್ಟರೂ ಲಾಗ್‌ನಲ್ಲಿ 'ಯಶಸ್ವಿ' ಎಂದೇ ಬರುತ್ತಿತ್ತು. ಕಾರಣ ಇಷ್ಟೆ: ಹಳೆಯ ಕಮಾಂಡ್ಸ್ ಮಾಡ್ಯೂಲಿನ ಗೆಟ್‌ಸ್ಟೇಟಸ್‌ಔಟ್‌ಪುಟ್ ಕೊಡುತ್ತಿದ್ದದ್ದು ವೇಟ್ ಸ್ಟೇಟಸ್, ಅಂದರೆ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ, ಸೊನ್ನೆ ಎಂದರೆ ಯಶಸ್ವಿ) ಮತ್ತು ಸಿಗ್ನಲ್ ಎರಡನ್ನೂ ಸೇರಿಸಿಟ್ಟ ಸಂಖ್ಯೆ. ಎಕ್ಸಿಟ್ ಕೋಡ್ 2 ಆದರೆ ಕೈಗೆ ಬರುವುದು 512. ನಿಜವಾದ ಕೋಡ್ ಪಡೆಯಲು ಅದನ್ನು 8 ಬಿಟ್ ಬಲಕ್ಕೆ ಸರಿಸಬೇಕಿತ್ತು. ಸಬ್‌ಪ್ರೊಸೆಸ್‌ನಲ್ಲಿರುವ ಅದೇ ಹೆಸರಿನ ಫಂಕ್ಷನ್ ಪೈಥಾನ್ 3.3.4ರಿಂದ ನೇರವಾಗಿ 2 ಕೊಡುತ್ತದೆ. ಅದನ್ನೂ ಸರಿಸಿದರೆ ಉಳಿಯುವುದು ಸೊನ್ನೆ! ದೋಷವನ್ನೇ ನುಂಗುವ ಇಂಥ ತಪ್ಪು ನಿಜಕ್ಕೂ ಅಪಾಯಕಾರಿ.

ಬಿಟ್ ಸರಿಸುವ ಆ ಸಾಲು ಕಿತ್ತು, ಸಬ್‌ಪ್ರೊಸೆಸ್.ರನ್‌ಗೆ ಕಮಾಂಡನ್ನು ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಇಲ್ಲದೆ ಪಟ್ಟಿಯಾಗಿ ಕೊಟ್ಟು, ರಿಟರ್ನ್‌ಕೋಡ್ ನೋಡಿದೆ. ಅದು -9 ಆದರೆ ಪ್ರೊಸೆಸ್ ಕಿಲ್ ಸಿಗ್ನಲ್‌ನಿಂದ ಸತ್ತಿದೆ.

ಓಎಸ್.ಸಿಸ್ಟಮ್ ಮಾತ್ರ ಲಿನಕ್ಸ್‌ನಲ್ಲಿ ಇಂದಿಗೂ 512ನ್ನೇ ಕೊಡುತ್ತದೆ, ಅದನ್ನು ಎಕ್ಸಿಟ್ ಕೋಡ್ ಆಗಿ ಬದಲಿಸಲು 3.9ರಿಂದ ಓಎಸ್.ವೇಟ್‌ಸ್ಟೇಟಸ್_ಟು_ಎಕ್ಸಿಟ್‌ಕೋಡ್ ಇದೆ.