ಮನೆ ಸ್ಟುಡಿಯೋಗೆ ಸಿಡಿ ರೆಕಾರ್ಡರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಹಿಂದೆ ಮಿಕ್ಸರಿನ (ಮೈಕುಗಳ ದನಿ ಕೂಡಿಸುವ ಯಂತ್ರ) ವೈರು ಚುಚ್ಚಿ, ಮುಂದೆ ಖಾಲಿ ಸಿಡಿ ಹಾಕಿ, ಕೆಂಪು ಬಟನ್ ಒತ್ತಿದರೆ ಸಾಕು, ಕಂಪ್ಯೂಟರಿನ ಗೊಡವೆಯೇ ಇಲ್ಲದೆ ಆಡಿಯೋ ಸಿಡಿ ಬರೆದು ಕೈಗೆ ಕೊಡುವ ಪೆಟ್ಟಿಗೆಗಳಿವೆಯಲ್ಲ, ಇದು ಅವುಗಳ ಬಗ್ಗೆ. ಈ ಕಾಲದಲ್ಲಿ ಇದು ಯಾರಿಗೆ ಬೇಕು ಅಂತ ಕೇಳಿದರೆ, ನ್ಯಾಯವಾದ ಪ್ರಶ್ನೆಯೇ. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು ಆಮೇಲೆ ಕೂಡಿಸುವವರಿಗೆ ಖಂಡಿತ ಬೇಡ. ನಮ್ಮ ಮನೆಯ ಕತೆ ಬೇರೆ. ಮಹಡಿ ಮೇಲಿನ ಒಂದು ಕೋಣೆ, ಎಂಟು ಚಾನೆಲ್ಲಿನ ಮಿಕ್ಸರು, ತಿಂಗಳಿಗೊಮ್ಮೆ ತಾಳಮದ್ದಳೆ (ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಆಗೊಮ್ಮೆ ಈಗೊಮ್ಮೆ ಭಜನೆ, ಜೊತೆಗೆ ದೊಡ್ಡಪ್ಪನ ಹಳೇ ಕ್ಯಾಸೆಟ್ಟುಗಳ ಎರಡು ಟ್ರಂಕು. ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ಹಾಡಿ ಮಾತಾಡಿ ಮುಗಿಸುವ ಕೆಲಸ. ಅದಕ್ಕೆ ಫ್ಯಾನಿನ ಸದ್ದು ಮಾಡದ, ನಡುವೆ ಅಪ್‌ಡೇಟ್ ಅಂತ ತಾನಾಗಿ ಆಫ್ ಆಗದ ಪೆಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಬಂದ ಕಲಾವಿದರು ಹೊರಡುವಾಗ ಕೈಯಲ್ಲೊಂದು ಸಿಡಿ ಇಟ್ಟರೆ ಅವರ ಮುಖ ಅರಳುತ್ತದೆ, ಲಿಂಕ್ ಕಳಿಸ್ತೀನಿ ಅಂದರೆ ಅರಳುವುದಿಲ್ಲ.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಒಂದೇ: ಇದು ಯಾವ ಡಿಸ್ಕ್ ತಿನ್ನುತ್ತದೆ? ಮನೆ ಬಳಕೆಗೆ ಅಂತ ಬಂದ ರೆಕಾರ್ಡರುಗಳು, ಉದಾಹರಣೆಗೆ ಫಿಲಿಪ್ಸ್‌ನವು, ಪಯನೀರ್ ಪಿಡಿಆರ್-609 ಥರದವು, 'ಡಿಜಿಟಲ್ ಆಡಿಯೋ' ಅಂತ ಗುರುತಿರುವ ಸಿಡಿ-ಆರ್ (ಬರೆಯಲು ಬರುವ ಖಾಲಿ ಸಿಡಿ) ಮಾತ್ರ ಒಪ್ಪುತ್ತವೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಕಂಪ್ಯೂಟರ್ ಸಿಡಿ ಹಾಕಿದರೆ ಬರೆಯೋದೇ ಇಲ್ಲ. ಎರಡರಲ್ಲೂ ಪ್ಲಾಸ್ಟಿಕ್ ಅದೇ, ಬಣ್ಣ ಅದೇ. ಆಡಿಯೋ ಡಿಸ್ಕಿನಲ್ಲಿ ತಯಾರಿಸುವಾಗಲೇ ಒಂದು ಗುರುತಿನ ಸಂಕೇತ ಬರೆದಿರುತ್ತಾರೆ, ಯಂತ್ರ ಅದನ್ನು ಹುಡುಕುತ್ತದೆ, ಅಷ್ಟೇ. ಅಮೆರಿಕದಲ್ಲಿ 1992ರ ಕಾನೂನಿನ ಪ್ರಕಾರ ಅಂಥ ಡಿಸ್ಕಿನ ಬೆಲೆಯಲ್ಲಿ ಒಂದು ಪಾಲು ಸಂಗೀತದವರಿಗೆ ಹೋಗಬೇಕಿತ್ತು, ಅದರ ಫಲ ಇದು. ನಮ್ಮಲ್ಲಿ ಆ ಡಿಸ್ಕು ಹುಡುಕಿಕೊಂಡು ಹೋದರೆ ಚಪ್ಪಲಿ ಸವೆಯುತ್ತದೆ. ಹಾಗಾಗಿ ಮನೆಯಲ್ಲೇ ಬಳಸುವವರಾದರೂ ವೃತ್ತಿಪರರಿಗೆ ಮಾಡಿದ ಮಾಡೆಲ್ಲನ್ನೇ ತಗೊಳ್ಳಿ. ಅವು ಎರಡೂ ಥರದ ಡಿಸ್ಕಿಗೆ ಬರೆಯುತ್ತವೆ.

ಮನೆ ಬಳಕೆಯವುಗಳಲ್ಲಿ ಇನ್ನೊಂದು ಕಿರಿಕಿರಿ, ಕಾಪಿ ತಡೆ. ಡಿಜಿಟಲ್ ವೈರಿನಲ್ಲಿ ಒಂದು ಸಲ ಕಾಪಿ ಮಾಡಿದ್ದನ್ನು ಮತ್ತೆ ಕಾಪಿ ಮಾಡಲು ಬಿಡುವುದಿಲ್ಲ. ನೀವೇ ಹಾಡಿದ್ದು, ನೀವೇ ರೆಕಾರ್ಡ್ ಮಾಡಿದ್ದು, ಆದರೂ ಬೇಡ ಅನ್ನುತ್ತದೆ.

ಎರಡನೇ ವಿಷಯ ಕರೆಂಟು. ಇದನ್ನು ಸುಮ್ನೆ ಓದಿಕೊಂಡು ಮುಂದೆ ಹೋಗಬೇಡಿ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವ ಒಳ್ಳೇ ರೆಕಾರ್ಡರುಗಳಲ್ಲಿ ಎಷ್ಟೋ ಜಪಾನಿನಿಂದ ಬಂದಿರುತ್ತವೆ, ಅಲ್ಲಿನ ಲೈನು 100 ವೋಲ್ಟು. ಅಮೆರಿಕದ್ದಾದರೆ 120. ನಮ್ಮದು 230. ನನ್ನ ಗೆಳೆಯನೊಬ್ಬ ಜಪಾನಿನ ಒಂದು ಯಂತ್ರ ತಂದು, ಖುಷಿಯಲ್ಲಿ ಹಿಂದೆ ಬರೆದದ್ದನ್ನು ನೋಡದೆ ಗೋಡೆಯ ಪ್ಲಗ್ಗಿಗೆ ಹಾಕಿದ. ಒಂದು 'ಟಪ್' ಸದ್ದು, ಆಮೇಲೆ ಸುಟ್ಟ ವಾಸನೆ. ಪೂಜೆಗೆ ಅಂತ ಹಚ್ಚಿದ ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ವೋಲ್ಟೇಜ್ ಬರೆದಿರುತ್ತದೆ, ಅದರ ಫೋಟೋ ಕಳಿಸಿ ಅಂತ ಮಾರುವವರನ್ನು ಮೊದಲೇ ಕೇಳಿ. 100 ಅಥವಾ 120 ಅಂತಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ವಿಚಾರಿಸಿ. ಟ್ರಾನ್ಸ್‌ಫಾರ್ಮರನ್ನು ಮಿಕ್ಸರಿಂದ, ಮೈಕಿನ ವೈರಿಂದ ದೂರ ಇಡಿ, ಇಲ್ಲದಿದ್ದರೆ 'ಗುಂಯ್' ಅನ್ನುವ ಸದ್ದು ರೆಕಾರ್ಡಿಂಗಿಗೂ ಇಳಿಯುತ್ತದೆ.

ಮೂರನೆಯದು ಕಿಂಡಿಗಳು. ಕೆಂಪು-ಬಿಳಿ ಆರ್‌ಸಿಎ (ಹಳೇ ಟಿವಿ, ಕ್ಯಾಸೆಟ್ ಪ್ಲೇಯರಿನ ಹಿಂದೆ ಇರುವಂಥದ್ದು) ಎಲ್ಲದರಲ್ಲೂ ಇರುತ್ತದೆ. ಮಿಕ್ಸರಿನ ಮೇನ್ ಔಟ್ ಎಕ್ಸ್‌ಎಲ್‌ಆರ್ (ಮೈಕಿನ ವೈರಿಗೆ ಇರುವಂಥ ಮೂರು ಕಡ್ಡಿಯದ್ದು) ಆಗಿದ್ದರೆ ರೆಕಾರ್ಡರಿನಲ್ಲೂ ಎಕ್ಸ್‌ಎಲ್‌ಆರ್ ಇರುವುದು ಒಳ್ಳೆಯದು, ಯಾಕೆಂದರೆ ಎಕ್ಸ್‌ಎಲ್‌ಆರ್‌ನ ದನಿಯ ಮಟ್ಟ +4 ಡಿಬಿಯು, ಆರ್‌ಸಿಎಯದ್ದು -10 ಡಿಬಿವಿ, ನಡುವೆ ಸುಮಾರು 12 ಡಿಬಿ (ಡೆಸಿಬೆಲ್) ವ್ಯತ್ಯಾಸ. ಒಂದನ್ನು ಇನ್ನೊಂದಕ್ಕೆ ಸುಮ್ಮನೆ ಜೋಡಿಸಿದರೆ ದನಿ ಒಡೆಯುತ್ತದೆ, ಇಲ್ಲವೇ ತೀರಾ ಸಣ್ಣಗಾಗುತ್ತದೆ. ಎಷ್ಟೋ ಸಣ್ಣ ಮಿಕ್ಸರುಗಳಲ್ಲಿ ಟೇಪ್ ಔಟ್ ಅಂತ ಆರ್‌ಸಿಎ ಕಿಂಡಿಯೇ ಇರುತ್ತದೆ, ಇದ್ದರೆ ಅದನ್ನೇ ಬಳಸಿ. ಡಿಜಿಟಲ್ ಮಿಕ್ಸರ್ ಇದ್ದವರು ಇನ್ನೊಂದು ನೋಡಬೇಕು. ಆಡಿಯೋ ಸಿಡಿಗೆ ಫಿಲಿಪ್ಸ್, ಸೋನಿ ಸೇರಿ 1980ರಲ್ಲಿ ಹಾಕಿಟ್ಟ ಲೆಕ್ಕ ಸೆಕೆಂಡಿಗೆ 44,100 ಸ್ಯಾಂಪಲ್ (ಅಂದರೆ ಅಷ್ಟು ಸಲ ದನಿ ಅಳೆಯುವುದು), ಒಂದೊಂದಕ್ಕೂ 16 ಬಿಟ್. ನಿಮ್ಮ ಮಿಕ್ಸರು 48,000ದಲ್ಲಿ ಕಳಿಸುತ್ತಿದ್ದರೆ ಅದನ್ನು ಇಳಿಸಿಕೊಳ್ಳುವ ಸ್ಯಾಂಪಲ್ ರೇಟ್ ಕನ್ವರ್ಟರ್ ರೆಕಾರ್ಡರಿನಲ್ಲಿ ಇರಲೇಬೇಕು.

ಮಾಡೆಲ್ ಹೇಳಿ ಅಂತ ಕೇಳಿದರೆ, ಟಾಸ್ಕಾಮ್ ಸಿಡಿ-ಆರ್‌ಡಬ್ಲ್ಯೂ900 ಸಾಲಿನವು ನನ್ನ ಮೊದಲ ಆಯ್ಕೆ. ಎಕ್ಸ್‌ಎಲ್‌ಆರ್ ಬೇಕಾದರೆ ಅದೇ ಮನೆಯ 901. ಅಲೆಸಿಸ್ ಮಾಸ್ಟರ್‌ಲಿಂಕ್ ಅಂತ ಒಂದಿದೆ, ಅದು ಮೊದಲು ಒಳಗಿನ ಹಾರ್ಡ್ ಡಿಸ್ಕಿಗೆ 24 ಬಿಟ್‌ನಲ್ಲಿ ಹಿಡಿದು, ಅಲ್ಲೇ ಕತ್ತರಿಸಿ ಜೋಡಿಸಿ, ಆಮೇಲೆ ಸಿಡಿ ಬರೆಯುತ್ತದೆ. ಚೆಂದದ ಯಂತ್ರ, ಆದರೆ ಈಗ ಅದರ ಹಾರ್ಡ್ ಡಿಸ್ಕಿಗೂ ವಯಸ್ಸಾಗಿರುತ್ತದೆ, ನೋಡಿಕೊಂಡು ತಗೊಳ್ಳಿ.

ಹಳೆಯದು ಕೊಳ್ಳಲು ಹೋಗುವಾಗ ಜೇಬಿನಲ್ಲಿ ಎರಡು ಖಾಲಿ ಸಿಡಿ-ಆರ್, ಒಂದು ಸಿಡಿ-ಆರ್‌ಡಬ್ಲ್ಯೂ (ಅಳಿಸಿ ಮತ್ತೆ ಬರೆಯುವಂಥದ್ದು) ಇರಲಿ. ಮಾರುವವರು ಒಂದು ಹಾಡಿನ ಸಿಡಿ ಹಾಕಿ "ನೋಡಿ ಸಾರ್, ಹೊಸದರ ಹಾಗೆ ಓಡುತ್ತೆ" ಅನ್ನುತ್ತಾರೆ. ಓದುವುದಕ್ಕೆ ಲೇಸರಿಗೆ ಬೇಕಾದ ಶಕ್ತಿ ಕಮ್ಮಿ, ಬರೆಯಲು ಅದಕ್ಕಿಂತ ಎಷ್ಟೋ ಜಾಸ್ತಿ ಬೇಕು. ಲೇಸರ್ ಸವೆದ ಯಂತ್ರ ಚೆನ್ನಾಗೇ ಹಾಡಿ ತೋರಿಸುತ್ತದೆ, ಬರೆಯುವಾಗ ಕೈ ಕೊಡುತ್ತದೆ. ಐದು ನಿಮಿಷ ರೆಕಾರ್ಡ್ ಮಾಡಿ, ಫೈನಲೈಸ್ ಮಾಡಿ (ಬೇರೆ ಪ್ಲೇಯರಿಗೂ ಓದಲು ಬರುವ ಹಾಗೆ ಡಿಸ್ಕು ಮುಗಿಸುವುದು, ಕೊನೆಗೆ ಹೇಳುತ್ತೇನೆ), ಬೇರೆ ಪ್ಲೇಯರಿನಲ್ಲಿ ಹಾಕಿ ಕೇಳಿ. ರಿಮೋಟ್ ಇದೆಯಾ ಅಂತಲೂ ಕೇಳಿ, ಯಾಕೆಂದರೆ ಕೆಲವು ಯಂತ್ರಗಳಲ್ಲಿ ಕೆಲವು ಕೆಲಸ ರಿಮೋಟಿನಲ್ಲಿ ಮಾತ್ರ ಆಗುತ್ತದೆ.

ಇನ್ನು ಡಿಸ್ಕು. ಒಂದು ಕಾಲದಲ್ಲಿ ನಮ್ಮಲ್ಲಿ ಎಲ್ಲಿ ನೋಡಿದರೂ ಮೋಸರ್ ಬೇರ್ ಸಿಡಿ, ಆ ಕಂಪನಿ ಈಗಿಲ್ಲ. ಜಪಾನಿನ ತಾಯೋ ಯುಡೆನ್ ಕೂಡ 2015ರಲ್ಲಿ ಡಿಸ್ಕಿನ ವ್ಯಾಪಾರ ಬಿಟ್ಟಿತು. ಸಿಕ್ಕಿದ್ದರಲ್ಲಿ ಪರಿಚಿತ ಹೆಸರಿನದನ್ನು ತಗೊಂಡು, ಮೊದಲು ಒಂದೆರಡು ಬರೆದು ನೋಡಿ, ಸರಿ ಇದ್ದರೆ ಅದೇ ಅಂಗಡಿಯಿಂದ ಐವತ್ತರ ಡಬ್ಬ ತಂದಿಟ್ಟುಕೊಳ್ಳಿ. ಈಗಿನ ಡಿಸ್ಕುಗಳನ್ನು 52 ಪಟ್ಟು ವೇಗದಲ್ಲಿ ಬರೆಯಲು ಅಂತ ಮಾಡಿರುತ್ತಾರೆ, ನಮ್ಮ ಪೆಟ್ಟಿಗೆಯೋ ಹಾಡು ನಡೆದಷ್ಟೇ ನಿಧಾನಕ್ಕೆ ಬರೆಯುತ್ತದೆ, ಹಾಗಾಗಿ ಎಲ್ಲ ಡಿಸ್ಕೂ ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ. 74 ಅಥವಾ 80 ನಿಮಿಷದ್ದೇ ಇರಲಿ. 90, 99 ನಿಮಿಷದ್ದರ ಆಸೆ ಬೇಡ. ರಿಹರ್ಸಲಿಗೆ ಸಿಡಿ-ಆರ್‌ಡಬ್ಲ್ಯೂ ಸಾಕು, ಅಳಿಸಿ ಮತ್ತೆ ಬರೆಯಬಹುದು. ಆದರೆ ಅದು ಬೆಳಕನ್ನು ಕಮ್ಮಿ ಹಿಂದಕ್ಕೆ ಬಿಡುವುದರಿಂದ ಹಳೇ ಪ್ಲೇಯರುಗಳು ಓದುವುದಿಲ್ಲ, ಯಾರಿಗೂ ಕೊಡಬೇಡಿ.

ಈಗ ರೆಕಾರ್ಡಿಂಗಿಗೆ ಬರೋಣ. ಕಷ್ಟ ಇರುವುದು ಲೆವೆಲ್ ಹಿಡಿಯುವುದರಲ್ಲಿ. ಕ್ಯಾಸೆಟ್ಟಿನಲ್ಲಿ ಪಳಗಿದವರಿಗೆ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೆ ಚೆನ್ನ ಅನ್ನುವ ರೂಢಿ ಇರುತ್ತದೆ. ಇಲ್ಲಿ 0 ಅಂದರೆ ಗೋಡೆ. ಅದಕ್ಕೆ ತಾಗಿದ ದನಿ 'ಚಟಚಟ' ಅಂತ ಒಡೆಯುತ್ತದೆ, ಆಮೇಲೆ ಯಾರು ಏನು ಮಾಡಿದರೂ ಮೊದಲಿನಂತಾಗುವುದಿಲ್ಲ. ತಾಳಮದ್ದಳೆಯಲ್ಲಿ ಇದರ ಪರೀಕ್ಷೆ ಚೆನ್ನಾಗಿ ಆಗುತ್ತದೆ. ಅರ್ಥಧಾರಿ (ಪಾತ್ರದ ಮಾತಾಡುವವರು) ಕರ್ಣನ ಮಾತನ್ನು ಪಿಸುದನಿಗೆ ಇಳಿಸಿರುತ್ತಾರೆ, ನೀವು ಪಾಪ ಅಂತ ನಾಬ್ ಸ್ವಲ್ಪ ಏರಿಸುತ್ತೀರಿ, ಅಷ್ಟರಲ್ಲಿ ಭಾಗವತರು ಪದ್ಯ ಎತ್ತುತ್ತಾರೆ, ಚೆಂಡೆ ಬೀಳುತ್ತದೆ, ಮೀಟರು ಮೇಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಶುರುವಿಗೆ ಮುಂಚೆ ಚೆಂಡೆಯವರನ್ನು ಕೇಳಿ ಯುದ್ಧದ ಪದ್ಯದ್ದೇ ಪೆಟ್ಟು ನಾಲ್ಕು ಹೊಡೆಸಿ. ಸುಮ್ನೆ ಹೊಡೆಯಿರಿ ಅಂದರೆ ಎಲ್ಲರೂ ಮೆತ್ತಗೆ ಹೊಡೆಯುತ್ತಾರೆ, ಆಟಕ್ಕೆ ಕೂತ ಮೇಲೆ ಕೈಯೇ ಬೇರೆ. ಆ ಪೆಟ್ಟು -8 ಡಿಬಿಯ ಆಸುಪಾಸಿಗೆ ಬರುವ ಹಾಗೆ ಇಟ್ಟು ನಾಬ್ ಬಿಟ್ಟುಬಿಡಿ. ಮಾತು ಸಣ್ಣಗೆ ಬಂದರೂ ಪರವಾಗಿಲ್ಲ. 16 ಬಿಟ್‌ನಲ್ಲಿ ಹೆಚ್ಚುಕಮ್ಮಿ 96 ಡಿಬಿ ಜಾಗ ಇದೆ, ಎಂಟು ಹತ್ತು ಖಾಲಿ ಬಿಟ್ಟರೆ ಏನೂ ಕಳಕೊಳ್ಳುವುದಿಲ್ಲ.

ರೆಕಾರ್ಡ್ ಬಟನ್ ಒತ್ತಿದ ತಕ್ಷಣ ಬರೆಯಲು ಶುರುವಾಗುವುದಿಲ್ಲ. ಯಂತ್ರ ಮೊದಲು ಡಿಸ್ಕಿನ ಒಂದು ಮೂಲೆಯಲ್ಲಿ ಲೇಸರಿನ ಶಕ್ತಿ ಎಷ್ಟು ಬೇಕು ಅಂತ ಪರೀಕ್ಷೆ ಮಾಡಿಕೊಂಡು, ಆಮೇಲೆ ಪಾಸ್‌ನಲ್ಲಿ, ಅಂದರೆ ಬರೆಯಲು ತಯಾರಾಗಿ ಕಾಯುತ್ತಾ, ನಿಲ್ಲುತ್ತದೆ. ನನ್ನ ಮೊದಲ ರೆಕಾರ್ಡಿಂಗಿನಲ್ಲಿ ಗಣಪತಿ ಸ್ತುತಿಯ ಅರ್ಧ ಹೋದದ್ದು ಹೀಗೇ. ಈಗ ದೊಡ್ಡಪ್ಪ ಕೂತ ಮೇಲೆ "ಏನೋ, ತಯಾರಾ?" ಅನ್ನುತ್ತಾರೆ, ನಾನು "ಒಂದು ನಿಮಿಷ ಇರಿ ದೊಡ್ಡಪ್ಪ" ಅಂದು, ಪಾಸ್‌ನಲ್ಲಿ ನಿಂತದ್ದನ್ನು ನೋಡಿ ಕೈ ಎತ್ತುತ್ತೇನೆ. ಹಾಗಂತ ಒತ್ತೋದು ನಿಲ್ಲಿಸೋದು ಆಟ ಆಡಬೇಡಿ, ಪರೀಕ್ಷೆಗೆ ಇರುವ ಜಾಗ ಒಂದು ಡಿಸ್ಕಿನಲ್ಲಿ ನೂರು ಸಲಕ್ಕೆ ಮಾತ್ರ.

ಟ್ರ್ಯಾಕ್ ತಾನಾಗಿ ಬೇರೆ ಮಾಡುವ ಆಟೋ ಟ್ರ್ಯಾಕ್ ಇರುತ್ತದೆ, ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದು ಕೆಲವು ಸೆಕೆಂಡು ಇದ್ದರೆ ಹೊಸ ಟ್ರ್ಯಾಕ್ ಅಂತ ತಿಳಿಯುತ್ತದೆ. ಕ್ಯಾಸೆಟ್ಟಿನ ಹಾಡು ಇಳಿಸುವಾಗ ಪರವಾಗಿಲ್ಲ. ನಮ್ಮ ಕೆಲಸಕ್ಕೆ ಆಗಿಬರುವುದಿಲ್ಲ. ಶ್ರುತಿ ಪೆಟ್ಟಿಗೆ ಓಡುತ್ತಿದ್ದರೆ ಮೌನವೇ ಬರುವುದಿಲ್ಲ, ಇಡೀ ಡಿಸ್ಕು ಒಂದೇ ಟ್ರ್ಯಾಕು. ಶ್ರುತಿ ನಿಂತಿದ್ದರೆ ಅರ್ಥಧಾರಿ ಗತ್ತಿಗೆ ಅಂತ ಮೂರು ಸೆಕೆಂಡು ತಡೆದ ಕಡೆಯೆಲ್ಲ ಯಂತ್ರ ಕತ್ತರಿ ಹಾಕುತ್ತದೆ. ಕೈಯಲ್ಲೇ ಹಾಕಿ: ಭಾಗವತರು ಪದ್ಯಕ್ಕೆ ಉಸಿರು ತೆಗೆದುಕೊಳ್ಳುವುದನ್ನು ನೋಡಿ ಬಟನ್ ಒತ್ತಿ. ರೆಕಾರ್ಡಿಂಗ್ ನಿಲ್ಲುವುದಿಲ್ಲ, ನಂಬರು ಮಾತ್ರ ಬದಲಾಗುತ್ತದೆ. ಒಂದು ಟ್ರ್ಯಾಕ್ ಕನಿಷ್ಠ 4 ಸೆಕೆಂಡು ಇರಬೇಕು, ಒಟ್ಟು 99 ಮೀರುವಂತಿಲ್ಲ.

ಮೂರು ಗಂಟೆಯ ಪ್ರಸಂಗ 80 ನಿಮಿಷದ ಡಿಸ್ಕಿನಲ್ಲಿ ಕೂರುವುದಿಲ್ಲ ಅನ್ನುವುದು ಈ ಪೆಟ್ಟಿಗೆಯ ದೊಡ್ಡ ಕೊರತೆ. ಡಿಸ್ಕು ಬದಲಿಸುವ ಹೊತ್ತಿನಲ್ಲೇ ಒಳ್ಳೇ ಮಾತು ಬರುತ್ತದೆ, ಇದು ಹೇಗೋ ಗೊತ್ತಿಲ್ಲ, ಆದರೆ ಪ್ರತಿಸಲ ಆಗುತ್ತದೆ. ಚಹಾದ ಹೊತ್ತನ್ನು ಮೊದಲೇ ಮಾತಾಡಿ 70 ನಿಮಿಷಕ್ಕೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಸಣ್ಣದೊಂದು ಮೆಮೊರಿ ಕಾರ್ಡ್ ರೆಕಾರ್ಡರ್ ಓಡುತ್ತಿದ್ದರೆ ಇನ್ನೂ ನೆಮ್ಮದಿ.

ಕೊನೆಗೆ ಫೈನಲೈಸ್. ರೆಕಾರ್ಡ್ ಆದ ಡಿಸ್ಕು ಹಾಗೇ ತೆಗೆದರೆ ಅದು ಇಂಥ ರೆಕಾರ್ಡರುಗಳಲ್ಲಿ ಮಾತ್ರ ಹಾಡುತ್ತದೆ. ಯಾವ ಹಾಡು ಎಲ್ಲಿ ಶುರು ಅನ್ನುವ ಪಟ್ಟಿಯನ್ನು ಡಿಸ್ಕಿನ ಮೊದಲಿಗೆ ಬರೆದ ಮೇಲಷ್ಟೇ ಬೇರೆ ಪ್ಲೇಯರುಗಳು ಗುರುತು ಹಿಡಿಯುವುದು. ಕೆಲವು ನಿಮಿಷ ಬೇಕು. ಆ ಹೊತ್ತಿಗೆ ಕರೆಂಟು ಹೋಗಬಾರದು. ಒಂದು ಜೂನ್ ತಿಂಗಳ ರಾತ್ರಿ, ಹೊರಗೆ ಜಡಿಮಳೆ, 68 ನಿಮಿಷದ ರೆಕಾರ್ಡಿಂಗ್ ಮುಗಿಸಿ ಫೈನಲೈಸ್ ಒತ್ತಿದೆ. ಪರದೆಯ ಮೇಲೆ ನಿಮಿಷ ಇಳಿಯುತ್ತಿತ್ತು. ಒಂದು ಸಿಡಿಲು, ಮನೆ ಪೂರ್ತಿ ಕತ್ತಲು. ಬೆಳಿಗ್ಗೆ ಕರೆಂಟು ಬಂದ ಮೇಲೆ ಹಾಕಿದರೆ ಯಂತ್ರ ತುಂಬಾ ಹೊತ್ತು ಗಿರಗಿರ ತಿರುಗಿಸಿ ಡಿಸ್ಕನ್ನು ಹೊರಗೆ ಉಗುಳಿತು. ಮಾರನೇ ವಾರವೇ ಕಂಪ್ಯೂಟರಿಗೆ ಹಾಕುವಂಥ ಒಂದು ಸಣ್ಣ ಯುಪಿಎಸ್ ತಂದೆ. ರೆಕಾರ್ಡರ್ ತಿನ್ನುವುದು ಕೆಲವೇ ವ್ಯಾಟು, ಅದಕ್ಕೆ ಆರಾಮಾಗಿ ಸಾಕಾಗುತ್ತದೆ. ಮಲೆನಾಡಿನವರಿಗೆ ನನ್ನ ಪ್ರಕಾರ ಯುಪಿಎಸ್ಸು ರೆಕಾರ್ಡರಿಗಿಂತ ಮುಂಚೆ ಕೊಳ್ಳಬೇಕಾದ ವಸ್ತು.

ಮೇಲ್ಮುಖದಲ್ಲಿ ಬರೆಯಲು ಬಾಲ್ ಪೆನ್ನು ಬೇಡ. ಹೊಳೆಯುವ ಪದರ ಇರುವುದು ಆ ಕಡೆಗೇ, ತೆಳ್ಳನೆಯ ಬಣ್ಣದ ಅಡಿಯಲ್ಲಿ, ಗೀರಿದರೆ ಒಳಗಿನದೇ ಹೋಗುತ್ತದೆ. ಸಿಡಿಗೆ ಅಂತಲೇ ಬರುವ ಮೆತ್ತನೆ ತುದಿಯ ಮಾರ್ಕರಿನಲ್ಲಿ ಪ್ರಸಂಗ, ತಾರೀಕು, ಭಾಗವತರು ಯಾರು ಅಂತ ಬರೆದು, ಬಿಸಿಲು ಬೀಳದ ಕಡೆ ಇಡಿ. ಅದೇ ವಾರದಲ್ಲಿ ಕಂಪ್ಯೂಟರಿಗೆ ವೇವ್ ಫೈಲಾಗಿ ಇಳಿಸಿಕೊಳ್ಳಿ, ನಿಮಿಷಕ್ಕೆ ಸುಮಾರು 10 ಎಂಬಿ. ಹೌದು, ಕಂಪ್ಯೂಟರ್ ಬೇಡ ಅಂತ ಶುರು ಮಾಡಿದವನೇ ಹೇಳುತ್ತಿದ್ದೇನೆ.